ಹಳೆಯ ಪ್ರೈಮರಿಯನ್ನು ನಿಲ್ಲಿಸುವವರು ಯಾರು? ಡೇಟಾಬೇಸಿಗೆ ಫೇಲ್‌ಓವರ್ ತಂತ್ರಾಂಶ ಆರಿಸುವ ಕುರಿತು

ಡೇಟಾಬೇಸ್ ಸರ್ವರ್ ಕೈಕೊಟ್ಟರೆ ಇನ್ನೊಂದು ಸರ್ವರ್ ತಾನಾಗಿಯೇ ಅದರ ಜಾಗಕ್ಕೆ ಬರಬೇಕು (ಇದಕ್ಕೇ ಫೇಲ್‌ಓವರ್ ಎನ್ನುತ್ತಾರೆ) ಎಂಬ ಬೇಡಿಕೆ ಬಂದಾಗ, ಅದಕ್ಕೆ ಬೇಕಾದ ತಂತ್ರಾಂಶವನ್ನು ಆರಿಸುವ ಸಭೆಗಳಲ್ಲಿ ಎಲ್ಲರೂ ಮೊದಲು ಕೇಳುವುದು ‘ಎಷ್ಟು ಸೆಕೆಂಡಿನಲ್ಲಿ ಆಗುತ್ತದೆ?’ ಎಂದು. ಶೇ. 99.9 ಲಭ್ಯತೆ ಎಂದರೆ ವರ್ಷಕ್ಕೆ ಸುಮಾರು 8 ಗಂಟೆ 45 ನಿಮಿಷ ನಿಲ್ಲಬಹುದು, ಶೇ. 99.99 ಎಂದರೆ ಸುಮಾರು 52 ನಿಮಿಷ ಮಾತ್ರ ಎಂಬ ಲೆಕ್ಕವನ್ನು ಯಾರಾದರೊಬ್ಬರು ಬೋರ್ಡಿನ ಮೇಲೆ ಬರೆಯುತ್ತಾರೆ. ಅಲ್ಲಿಂದ ಮುಂದೆ ಮಾತೆಲ್ಲ ವೇಗದ ಬಗ್ಗೆಯೇ. ನನ್ನ ಮಟ್ಟಿಗೆ ಕೇಳಬೇಕಾದ ಮೊದಲ ಪ್ರಶ್ನೆ ಬೇರೆ. ಹೊಸ ಸರ್ವರಿಗೆ ಅಧಿಕಾರ ಕೊಡುವ ಮೊದಲು, ಹಳೆಯ ಸರ್ವರ್ ಬರೆಯುವುದನ್ನು ನಿಜವಾಗಿಯೂ ನಿಲ್ಲಿಸಿದೆ ಎಂದು ಈ ತಂತ್ರಾಂಶ ಯಾವ ಆಧಾರದ ಮೇಲೆ ನಂಬುತ್ತದೆ? ಈ ಪ್ರಶ್ನೆಗೆ ನೇರ ಉತ್ತರ ಕೊಡದ ತಂತ್ರಾಂಶ ಎಷ್ಟೇ ವೇಗವಾಗಿದ್ದರೂ ಹಣದ ಲೆಕ್ಕ ಇರುವ ಡೇಟಾಬೇಸಿಗೆ ಅದು ಬೇಡ ಎಂಬುದು ನನ್ನ ನಿಲುವು. ಆ ನಿಲುವಿಗೆ ಏಕೆ ಬಂದೆ, ಕೊನೆಗೆ ಏನನ್ನು ಆರಿಸಿದೆವು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ನೋಡಿಕೊಳ್ಳುವುದು ಪೋಸ್ಟ್‌ಗ್ರೆಸ್ ಡೇಟಾಬೇಸ್ ಒಂದನ್ನು. ಅದರ ಮೇಲೆ ನಡೆಯುವುದು ಸಗಟು ವ್ಯಾಪಾರದ ಬಿಲ್ಲಿಂಗ್. ಗಾತ್ರದಲ್ಲಿ ಅಂಥ ದೊಡ್ಡದಲ್ಲ, ಆದರೆ ಹಗಲಿಡೀ ಬಿಲ್ ಹರಿಯುತ್ತಲೇ ಇರುತ್ತವೆ. ಜಿಎಸ್‌ಟಿ ನಿಯಮದ ಪ್ರಕಾರ ಬಿಲ್ ಸಂಖ್ಯೆ ಅನುಕ್ರಮವಾಗಿರಬೇಕು, ಹದಿನಾರು ಅಕ್ಷರ ಮೀರಬಾರದು, ಆ ಹಣಕಾಸು ವರ್ಷದಲ್ಲಿ ಇನ್ನೊಂದು ಬಿಲ್ಲಿಗೆ ಅದೇ ಸಂಖ್ಯೆ ಇರಬಾರದು. ಇಂಥ ಡೇಟಾಬೇಸಿನಲ್ಲಿ ಎರಡು ಸರ್ವರುಗಳು ಐದೇ ನಿಮಿಷ ‘ನಾನೇ ಪ್ರೈಮರಿ’, ಅಂದರೆ ಬರೆಯುವ ಅಧಿಕಾರ ನನ್ನದೇ, ಎಂದು ನಂಬಿ ಬರೆಯುತ್ತಾ ಹೋದರೆ, ಒಂದೇ ಸಂಖ್ಯೆಯ ಬಿಲ್ಲು ಇಬ್ಬರು ಗ್ರಾಹಕರ ಕೈಯಲ್ಲಿರುತ್ತದೆ. ಆಮೇಲೆ ಎರಡೂ ಡೇಟಾಬೇಸುಗಳನ್ನು ಒಂದು ಮಾಡಿಕೊಡುವ ಸಲಕರಣೆ ಪೋಸ್ಟ್‌ಗ್ರೆಸ್‌ನಲ್ಲಿ ಇಲ್ಲ. ಸ್ಟ್ಯಾಂಡ್‌ಬೈಯನ್ನು, ಅಂದರೆ ಪ್ರೈಮರಿಯ ನಕಲು ಇಟ್ಟುಕೊಂಡು ಕಾಯುವ ಸರ್ವರನ್ನು, ಪ್ರೈಮರಿ ಮಾಡಿದ ಗಳಿಗೆಯಲ್ಲಿ ಅದು ಹೊಸ ಟೈಮ್‌ಲೈನ್, ಅಂದರೆ ಬರಹಗಳ ಹೊಸ ಸರಣಿ, ಆರಂಭಿಸುತ್ತದೆ. ಹಳೆಯದು ತನ್ನ ಟೈಮ್‌ಲೈನಿನಲ್ಲಿಯೇ ಮುಂದುವರಿದಿದ್ದರೆ, ಎರಡು ಕವಲುಗಳಲ್ಲಿ ಒಂದನ್ನು ಎಸೆಯಬೇಕು, ಎಸೆದದ್ದರಲ್ಲಿದ್ದ ಬಿಲ್ಲುಗಳನ್ನು ಕೈಯಿಂದ ಹುಡುಕಿ ತೆಗೆಯಬೇಕು. ಅರ್ಧ ಗಂಟೆ ಡೇಟಾಬೇಸ್ ನಿಂತರೆ ಅಂಗಡಿಯವರು ಬೈಯುತ್ತಾರೆ, ಅಷ್ಟೆ. ಎರಡು ಕವಲಾದರೆ ಲೆಕ್ಕಪರಿಶೋಧಕರ ಮುಂದೆ ವಾರಗಟ್ಟಲೆ ಕೂರಬೇಕು.

ಪೋಸ್ಟ್‌ಗ್ರೆಸ್‌ನಲ್ಲಿ ಸ್ಟ್ರೀಮಿಂಗ್ ರೆಪ್ಲಿಕೇಷನ್ (ಬರಹಗಳ ನಕಲನ್ನು ನಿರಂತರ ಕಳಿಸುವ ವ್ಯವಸ್ಥೆ) 2010ರ 9.0 ಆವೃತ್ತಿಯಿಂದ ಇದೆ, ಸಿಂಕ್ರೊನಸ್ ರೆಪ್ಲಿಕೇಷನ್ 2011ರ 9.1ರಿಂದ ಇದೆ. ಪ್ರೈಮರಿಯಲ್ಲಿ ನಡೆದ ಪ್ರತಿ ಬದಲಾವಣೆಯನ್ನು ಸ್ಟ್ಯಾಂಡ್‌ಬೈಗೆ ಸಾಗಿಸುವ ಕೆಲಸವನ್ನು ಅದು ಅಚ್ಚುಕಟ್ಟಾಗಿ ಮಾಡುತ್ತದೆ. ಆದರೆ ಯಾವಾಗ ಸ್ಟ್ಯಾಂಡ್‌ಬೈಯನ್ನು ಪ್ರೈಮರಿ ಮಾಡಬೇಕು ಎಂಬ ತೀರ್ಮಾನವನ್ನು ಪೋಸ್ಟ್‌ಗ್ರೆಸ್ ತನ್ನ ಹೊರಗೇ ಬಿಟ್ಟಿದೆ. ಆ ತೀರ್ಮಾನವನ್ನು ಮನುಷ್ಯನಾದರೂ ಮಾಡಬಹುದು, ಬೇರೆ ತಂತ್ರಾಂಶವಾದರೂ ಮಾಡಬಹುದು. ತಂತ್ರಾಂಶಕ್ಕೆ ಬಿಟ್ಟರೆ ಅದರ ಮುಂದಿರುವ ಕಷ್ಟ ಒಂದೇ: ಜಾಲದ ಆ ಬದಿಯಿಂದ ಉತ್ತರ ಬಾರದಿದ್ದಾಗ, ಆ ಸರ್ವರ್ ಸತ್ತಿದೆಯೋ, ಕೆಲಸದ ಭಾರಕ್ಕೆ ನಿಧಾನವಾಗಿದೆಯೋ, ನಡುವಿನ ತಂತಿ ಕಡಿದಿದೆಯೋ ಎಂದು ಹೊರಗಿನಿಂದ ತಿಳಿಯಲು ಸಾಧ್ಯವಿಲ್ಲ.

ಇದು ಪುಸ್ತಕದ ಚರ್ಚೆಯಲ್ಲ ಎನ್ನುವುದಕ್ಕೆ ಗಿಟ್‌ಹಬ್ ಸಂಸ್ಥೆ ತಾನೇ ಪ್ರಕಟಿಸಿದ ಎರಡು ವರದಿಗಳು ಸಾಕು. ಎರಡೂ ಮೈಎಸ್‌ಕ್ಯೂಎಲ್ ಎಂಬ ಇನ್ನೊಂದು ಡೇಟಾಬೇಸಿಗೆ ಸಂಬಂಧಿಸಿದವು, ಆದರೆ ಪಾಠ ಯಾವ ಡೇಟಾಬೇಸಿಗೂ ಹೊಂದುತ್ತದೆ. 2012ರ ಸೆಪ್ಟೆಂಬರಿನಲ್ಲಿ ಕೋಷ್ಟಕದ ರಚನೆ ಬದಲಿಸುವ ಕೆಲಸವೊಂದು ಪ್ರೈಮರಿಯ ಮೇಲೆ ಭಾರ ಹೇರಿತು. ಕ್ಲಸ್ಟರನ್ನು, ಅಂದರೆ ಒಟ್ಟಾಗಿ ಕೆಲಸ ಮಾಡುವ ಸರ್ವರುಗಳ ಗುಂಪನ್ನು, ನೋಡಿಕೊಳ್ಳುವ ಪೇಸ್‌ಮೇಕರ್ ಎಂಬ ತಂತ್ರಾಂಶದ ಆರೋಗ್ಯ ತಪಾಸಣೆಗೆ ಅದು ಉತ್ತರಿಸಲಿಲ್ಲ, ತಂತ್ರಾಂಶ ಫೇಲ್‌ಓವರ್ ಮಾಡಿತು. ಹೊಸ ಪ್ರೈಮರಿಯ ಬಫರ್ ಇನ್ನೂ ತಣ್ಣಗಿತ್ತು, ಅಂದರೆ ಬೇಕಾದ ಪುಟಗಳು ಮೆಮೊರಿಯಲ್ಲಿ ಇರಲಿಲ್ಲ. ಅದು ಹಳೆಯದಕ್ಕಿಂತ ನಿಧಾನವಾಗಿ ಅದೂ ತಪಾಸಣೆಯಲ್ಲಿ ಸೋತಿತು, ಕ್ಲಸ್ಟರ್ ಮತ್ತೆ ಹಳೆಯದರ ಕಡೆಗೆ ಹೊರಳಿತು. ಪ್ರೈಮರಿ ನಿಧಾನವಾಗಿದ್ದರೂ ಬದುಕಿತ್ತು. ಸುಮ್ಮನಿರುವುದೇ ಲೇಸಾಗಿದ್ದ ಗಳಿಗೆಯಲ್ಲಿ ತಂತ್ರಾಂಶ ಕೈಹಾಕಿತು.

ಎರಡನೆಯದು 2018ರ ಅಕ್ಟೋಬರ್ 21ರದು. ಕೆಟ್ಟುಹೋಗುತ್ತಿದ್ದ ಆಪ್ಟಿಕಲ್ ಉಪಕರಣವೊಂದನ್ನು ಬದಲಿಸುವ ಸಾಮಾನ್ಯ ಕೆಲಸದಲ್ಲಿ ಅಮೆರಿಕದ ಪೂರ್ವ ಕರಾವಳಿಯ ಜಾಲಕೇಂದ್ರಕ್ಕೂ ಅಲ್ಲಿಯ ಮುಖ್ಯ ಡೇಟಾ ಕೇಂದ್ರಕ್ಕೂ ಸಂಪರ್ಕ ತಪ್ಪಿತು. ತಪ್ಪಿದ್ದು ಕೇವಲ 43 ಸೆಕೆಂಡು. ಅಷ್ಟರಲ್ಲಿ ಫೇಲ್‌ಓವರ್ ನೋಡಿಕೊಳ್ಳುವ ಆರ್ಕೆಸ್ಟ್ರೇಟರ್ ಎಂಬ ತಂತ್ರಾಂಶದ ಉಳಿದ ನೋಡುಗಳು (ನೋಡ್ ಎಂದರೆ ಗುಂಪಿನ ಒಂದೊಂದು ಯಂತ್ರ) ಬಹುಮತ ಕೂಡಿಸಿಕೊಂಡು ಪಶ್ಚಿಮ ಕರಾವಳಿಯ ಸರ್ವರುಗಳನ್ನು ಪ್ರೈಮರಿ ಮಾಡಿದವು. ಪೂರ್ವದ ಹಳೆಯ ಪ್ರೈಮರಿಗಳಲ್ಲಿ ಪಶ್ಚಿಮಕ್ಕೆ ಇನ್ನೂ ತಲುಪದ ಬರಹಗಳು ಉಳಿದಿದ್ದವು; ತೀರಾ ಕೆಲಸವಿದ್ದ ಒಂದು ಕ್ಲಸ್ಟರಿನಲ್ಲಿ ಅಂಥವು 954 ಇದ್ದುವೆಂದು ವರದಿ ಹೇಳುತ್ತದೆ. ಸಂಪರ್ಕ ಮರಳಿದ ಮೇಲೆ ಪಶ್ಚಿಮದಲ್ಲಿ ಆಗಲೇ ಹೊಸ ಬರಹ ಬಿದ್ದಿದ್ದರಿಂದ ಹಿಂದಕ್ಕೆ ಹೋಗುವ ದಾರಿಯೂ ಇರಲಿಲ್ಲ. ಪೂರ್ವದಲ್ಲಿದ್ದ ಅಪ್ಲಿಕೇಶನ್‌ಗಳು ಪ್ರತಿ ಬರಹಕ್ಕೂ ಖಂಡ ದಾಟಿ ಹೋಗಿ ಬರಬೇಕಾಯಿತು. ಸೇವೆ ಮೊದಲಿನಂತಾಗಲು ಹಿಡಿದದ್ದು 24 ಗಂಟೆ 11 ನಿಮಿಷ. ಗಮನಿಸಿ, ಇಲ್ಲಿ ತಂತ್ರಾಂಶ ತಪ್ಪೇನೂ ಮಾಡಲಿಲ್ಲ. ಬಹುಮತವಿತ್ತು, ನಿಯಮದಂತೆ ನಡೆಯಿತು. ಆ ನಿಯಮವನ್ನು ಬರೆದಿಡುವಾಗ ‘ಕರಾವಳಿಯಿಂದ ಕರಾವಳಿಗೆ ತಾನಾಗಿ ಹೋಗಬೇಡ’ ಎಂದು ಹೇಳಿರಲಿಲ್ಲ. ಆಮೇಲೆ ಅವರು ಮಾಡಿದ ಮೊದಲ ಬದಲಾವಣೆಗಳಲ್ಲಿ ಅದೂ ಒಂದು.

ಇನ್ನು ಆಯ್ಕೆಗಳಿಗೆ ಬರುತ್ತೇನೆ.

ಹಳೆಯ, ಗಟ್ಟಿ ದಾರಿ ಎಂದರೆ ಲಿನಕ್ಸಿನ ಪೇಸ್‌ಮೇಕರ್ ಮತ್ತು ಕೊರೊಸಿಂಕ್ ಜೋಡಿ. ಕೊರೊಸಿಂಕ್ ನೋಡುಗಳ ನಡುವೆ ಸಂದೇಶ ಸಾಗಿಸಿ ಯಾರು ಇದ್ದಾರೆ, ಬಹುಮತ ಇದೆಯೇ ಎಂದು ನೋಡುತ್ತದೆ. ಯಾವ ಸೇವೆ ಎಲ್ಲಿ ನಡೆಯಬೇಕು ಎಂದು ಪೇಸ್‌ಮೇಕರ್ ತೀರ್ಮಾನಿಸುತ್ತದೆ. ಇದರ ಕೆಳಗೆ ಡಿಆರ್‌ಬಿಡಿ ಇಟ್ಟು ಡಿಸ್ಕನ್ನೇ ಎರಡು ಯಂತ್ರಗಳ ನಡುವೆ ಪ್ರತಿಬಿಂಬಿಸಬಹುದು. ಡಿಆರ್‌ಬಿಡಿ 2010ರಿಂದ, ಅಂದರೆ 2.6.33ನೇ ಆವೃತ್ತಿಯಿಂದ, ಲಿನಕ್ಸ್ ಕರ್ನಲ್‌ನ ಒಳಗೇ ಇದೆ. ಅಥವಾ ಪೋಸ್ಟ್‌ಗ್ರೆಸ್‌ನ ಸ್ವಂತ ರೆಪ್ಲಿಕೇಷನ್ ಉಳಿಸಿಕೊಂಡು, ಫ್ರಾನ್ಸಿನ ದಾಲಿಬೊ ಸಂಸ್ಥೆಯಲ್ಲಿ ಹುಟ್ಟಿದ ಪಿಎಎಫ್ ಎಂಬ ರಿಸೋರ್ಸ್ ಏಜೆಂಟನ್ನು, ಅಂದರೆ ಪೇಸ್‌ಮೇಕರ್ ಪರವಾಗಿ ಪೋಸ್ಟ್‌ಗ್ರೆಸ್ಸನ್ನು ನಡೆಸುವ ಭಾಗವನ್ನು, ಬಳಸಬಹುದು. ನಾನು ಮೊದಲು ಕೇಳಿದ ಪ್ರಶ್ನೆಗೆ ಈ ಜೋಡಿ ಕೊಡುವ ಉತ್ತರ ಎಲ್ಲಕ್ಕಿಂತ ನೇರವಾದದ್ದು: ಸಂಶಯ ಬಂದ ಯಂತ್ರದ ವಿದ್ಯುತ್ತನ್ನೇ ಕಡಿಯುತ್ತದೆ. ಇದಕ್ಕೆ ಫೆನ್ಸಿಂಗ್ ಎನ್ನುತ್ತಾರೆ. ಸರ್ವರನ್ನು ದೂರದಿಂದ ಆನ್, ಆಫ್ ಮಾಡುವ ಐಪಿಎಂಐ ಮೂಲಕವೋ, ವರ್ಚುವಲ್ ಯಂತ್ರವಾದರೆ ಅದನ್ನು ನಡೆಸುವ ಹೈಪರ್‌ವೈಸರ್ ಮೂಲಕವೋ ಆದೇಶ ಹೋಗುತ್ತದೆ, ‘ಕಡಿದಾಯಿತು’ ಎಂಬ ದೃಢೀಕರಣ ಬಂದ ಮೇಲಷ್ಟೇ ಸ್ಟ್ಯಾಂಡ್‌ಬೈ ಮೇಲೇಳುತ್ತದೆ.

ಇಷ್ಟು ಸರಿಯಾದ ವ್ಯವಸ್ಥೆಯನ್ನು ನಾವೇಕೆ ಆರಿಸಲಿಲ್ಲ ಎಂದರೆ, ಕಾರಣ ನಮ್ಮ ಊರಿನ ವಿದ್ಯುತ್ತಿನಲ್ಲಿದೆ. ಐಪಿಎಂಐ ಆದೇಶವನ್ನು ಕೇಳುವುದು ಅದೇ ಸರ್ವರಿನೊಳಗೆ ಕೂತ, ಅದೇ ವಿದ್ಯುತ್ತಿನಿಂದ ನಡೆಯುವ ಚಿಕ್ಕ ಕಂಪ್ಯೂಟರ್. ಯುಪಿಎಸ್ ಕೈಕೊಟ್ಟು ಒಂದು ರ್‍ಯಾಕಿಗೆ ಪೂರ್ತಿ ವಿದ್ಯುತ್ ಹೋದರೆ ಸರ್ವರಿನ ಜೊತೆ ಐಪಿಎಂಐ ಕೂಡ ಮೌನವಾಗುತ್ತದೆ. ಆಗ ಇನ್ನೊಂದು ಬದಿಗೆ ‘ಕಡಿದಾಯಿತು’ ಎಂಬ ಉತ್ತರ ಬರುವುದಿಲ್ಲ. ಉತ್ತರ ಬಾರದೆ ಪೇಸ್‌ಮೇಕರ್ ಮುಂದೆ ಹೋಗುವುದಿಲ್ಲ. ಫೇಲ್‌ಓವರ್ ಯಾವುದಕ್ಕಾಗಿ ಬೇಕಿತ್ತೋ ಆ ಹೊತ್ತಿನಲ್ಲಿಯೇ ಅದು ನಡೆಯುವುದಿಲ್ಲ. ಇದಕ್ಕೆ ಪರಿಹಾರ ಇದೆ. ಜಾಲದ ಮೂಲಕ ಆಫ್ ಮಾಡಬಲ್ಲ ಪವರ್ ಸ್ಟ್ರಿಪ್ಪನ್ನು ಎರಡನೆಯ ಹಂತದ ಫೆನ್ಸಿಂಗ್ ಆಗಿ ಇಡಬೇಕು, ಅದರ ವಿದ್ಯುತ್ ಮತ್ತು ಸ್ವಿಚ್ ಬೇರೆಯಾಗಿರಬೇಕು, ಅದನ್ನೂ ಆಗಾಗ ಪರೀಕ್ಷಿಸಬೇಕು. ಕೆಲವರು ಈ ತೊಂದರೆಯೇ ಬೇಡವೆಂದು ಫೆನ್ಸಿಂಗನ್ನು ಆಫ್ ಮಾಡಿ ಪೇಸ್‌ಮೇಕರ್ ನಡೆಸುತ್ತಾರೆ. ಹಾಗೆ ಮಾಡುವುದಾದರೆ ಪೇಸ್‌ಮೇಕರ್ ಹಾಕುವುದೇ ಬೇಡ ಎನ್ನುವಷ್ಟು ಖಡಾಖಂಡಿತವಾಗಿ ನಾನು ಅದನ್ನು ವಿರೋಧಿಸುತ್ತೇನೆ.

ರೆಪ್‌ಮ್ಯಾನೇಜರ್ ಎಂದು ನಾವು ಕರೆಯುವ ತಂತ್ರಾಂಶ ಪೋಸ್ಟ್‌ಗ್ರೆಸ್ ಬಳಗದಲ್ಲಿ ಬಹಳ ಕಾಲದಿಂದ ಇದೆ. ಸ್ಟ್ಯಾಂಡ್‌ಬೈ ಕಟ್ಟುವುದು, ಪಾತ್ರ ಬದಲಿಸುವುದು, ಯಾರು ಯಾರನ್ನು ಅನುಸರಿಸುತ್ತಿದ್ದಾರೆ ಎಂದು ತೋರಿಸುವುದು ಇವುಗಳಲ್ಲಿ ಅದರಷ್ಟು ಸರಳವಾದ ಸಲಕರಣೆ ಕಡಿಮೆ. ಮನುಷ್ಯನೇ ಆದೇಶ ಕೊಡುವ ಫೇಲ್‌ಓವರಿಗೆ ಈಗಲೂ ಅದನ್ನೇ ಶಿಫಾರಸು ಮಾಡುತ್ತೇನೆ. ಆದರೆ ಅದರ ಸ್ವಯಂಚಾಲಿತ ಭಾಗದಲ್ಲಿ ಹಳೆಯ ಪ್ರೈಮರಿಯನ್ನು ತಡೆಯುವ ಹೊಣೆ ಬಹುಪಾಲು ನಮ್ಮ ಸ್ಕ್ರಿಪ್ಟುಗಳ ಮೇಲೆ ಬೀಳುತ್ತದೆ. ಸತ್ತಿದ್ದ ಹಳೆಯ ಸರ್ವರ್ ಮತ್ತೆ ಚಾಲೂ ಆದಾಗ, ಲಿನಕ್ಸಿನಲ್ಲಿ ಸೇವೆಗಳನ್ನು ಚಾಲೂ ಮಾಡುವ ಸಿಸ್ಟಮ್‌ಡಿ ಅದರ ಪೋಸ್ಟ್‌ಗ್ರೆಸ್ಸನ್ನೂ ಎಬ್ಬಿಸಿದರೆ, ಅದು ತಾನು ಪದವಿ ಕಳೆದುಕೊಂಡದ್ದನ್ನು ಅರಿಯದೆ ಪ್ರೈಮರಿಯಾಗಿಯೇ ಏಳುತ್ತದೆ. ಸ್ಕ್ರಿಪ್ಟು ಬರೆದವರು ಕೆಲಸ ಬಿಟ್ಟು ಹೋದ ಮೇಲೆ ಅದನ್ನು ಯಾರೂ ಮುಟ್ಟುವುದಿಲ್ಲ ಎಂಬುದನ್ನು ಈ ವೃತ್ತಿಯಲ್ಲಿರುವವರಿಗೆ ಹೇಳಬೇಕಾಗಿಲ್ಲ.

ಸಿಟಸ್ ಡೇಟಾ ತಂಡ ಮೈಕ್ರೊಸಾಫ್ಟಿಗೆ ಸೇರಿದ ವರ್ಷ, 2019ರಲ್ಲಿ, ಮುಕ್ತವಾಗಿ ಹೊರಬಂದ ಪಿಜಿ ಆಟೋ ಫೇಲ್‌ಓವರ್ ನನಗೆ ಮೆಚ್ಚುಗೆಯಾದ ವಿನ್ಯಾಸ. ಎರಡು ಡೇಟಾಬೇಸ್ ನೋಡುಗಳು, ಅವನ್ನು ನೋಡಿಕೊಳ್ಳುವ ಒಂದು ಮಾನಿಟರ್, ಅಷ್ಟೆ. ಮಾನಿಟರ್ ಸತ್ತರೆ ಡೇಟಾಬೇಸ್ ನಿಲ್ಲುವುದಿಲ್ಲ, ಅದು ಮರಳುವವರೆಗೆ ಸ್ವಯಂಚಾಲಿತ ಫೇಲ್‌ಓವರ್ ಇರುವುದಿಲ್ಲ. ಸಣ್ಣ ತಂಡಕ್ಕೆ ಇದು ಒಪ್ಪುವ ರಾಜಿ. ನಾವು ಅದನ್ನು ಪಕ್ಕಕ್ಕೆ ಇಟ್ಟದ್ದು ತಾಂತ್ರಿಕ ಕೊರತೆಯಿಂದಲ್ಲ. ರಾತ್ರಿ ತೊಂದರೆ ಬಂದರೆ ಕೇಳಬಹುದಾದ ಜನ ಎಷ್ಟಿದ್ದಾರೆ, ಕೆಲಸಕ್ಕೆ ಸೇರುವ ಹೊಸಬರು ಮೊದಲೇ ಏನನ್ನು ಕಂಡಿರುತ್ತಾರೆ ಎಂಬ ಲೌಕಿಕ ಲೆಕ್ಕದಿಂದ.

ಮೈಕ್ರೊಸಾಫ್ಟಿನ ಎಸ್‌ಕ್ಯೂಎಲ್ ಸರ್ವರ್ ಡೇಟಾಬೇಸ್ ಬಳಸುವವರಿಗೆ ಈ ಆಯ್ಕೆಯ ತಲೆನೋವು ಕಡಿಮೆ. ವಿಂಡೋಸ್‌ನ ಫೇಲ್‌ಓವರ್ ಕ್ಲಸ್ಟರಿಂಗ್ 1997ರ ಎನ್‌ಟಿ 4.0 ಎಂಟರ್‌ಪ್ರೈಸ್ ಕಾಲದಿಂದ ಬಂದದ್ದು, ಅದರ ಮೇಲೆ ಎಸ್‌ಕ್ಯೂಎಲ್ ಸರ್ವರ್‌ನ 2012ರ ಆವೃತ್ತಿಯಿಂದ ಅವೈಲಬಿಲಿಟಿ ಗ್ರೂಪ್‌ಗಳಿವೆ (ಒಟ್ಟಿಗೆ ಫೇಲ್‌ಓವರ್ ಆಗುವ ಡೇಟಾಬೇಸುಗಳ ಗುಂಪು), ಎರಡು ನೋಡುಗಳ ನಡುವೆ ಮೂರನೆಯ ಮತಕ್ಕೆ ಒಂದು ಫೈಲ್ ಷೇರನ್ನೋ, ವಿಂಡೋಸ್ ಸರ್ವರ್ 2016ರಿಂದ ಕ್ಲೌಡ್ ಖಾತೆಯೊಂದನ್ನೋ ಸಾಕ್ಷಿಯಾಗಿ ಇಡಬಹುದು. ಹಣ ಕೊಟ್ಟು ಲೈಸೆನ್ಸ್ ತೆಗೆದುಕೊಂಡವರು ಅದನ್ನು ಬಿಟ್ಟು ಬೇರೆಯದನ್ನು ಹುಡುಕುವ ಅಗತ್ಯ ನನಗೆ ಕಾಣುವುದಿಲ್ಲ.

ನಾವು ಆರಿಸಿದ್ದು ಪ್ಯಾಟ್ರೋನಿ. ಕಾಂಪೋಸ್ ಎಂಬ ಸಂಸ್ಥೆಯ ಗವರ್ನರ್ ಎಂಬ ಯೋಜನೆಯಿಂದ ಕವಲೊಡೆದು, ಜರ್ಮನಿಯ ಆನ್‌ಲೈನ್ ಉಡುಪಿನ ಅಂಗಡಿ ಜಲಾಂಡೊದಲ್ಲಿ ಬೆಳೆದ, ಪೈಥಾನ್‌ನಲ್ಲಿ ಬರೆದ ತಂತ್ರಾಂಶ ಅದು. ಪ್ರತಿ ಡೇಟಾಬೇಸ್ ಯಂತ್ರದಲ್ಲಿ ಪ್ಯಾಟ್ರೋನಿಯ ಒಂದು ಪ್ರಕ್ರಿಯೆ ಪೋಸ್ಟ್‌ಗ್ರೆಸ್ಸನ್ನು ತನ್ನ ಅಂಕೆಯಲ್ಲಿ ಇಟ್ಟುಕೊಂಡಿರುತ್ತದೆ. ಯಾರು ಪ್ರೈಮರಿ ಎಂಬ ತೀರ್ಪನ್ನು ಮಾತ್ರ ಅದು ತಾನೇ ಕೊಡುವುದಿಲ್ಲ. ಎಟ್‌ಸಿಡಿ, ಕಾನ್ಸುಲ್, ಝೂಕೀಪರ್ ಇಂಥ ಬಹುಮತದಿಂದ ನಡೆಯುವ ಸಣ್ಣ ಭಂಡಾರವೊಂದರಲ್ಲಿ ಇರುವ ಬೀಗವನ್ನು ಯಾರು ಹಿಡಿದಿದ್ದಾರೋ ಅವರೇ ಪ್ರೈಮರಿ. ಒಂಟಿ ಹಳಿಯ ರೈಲು ಮಾರ್ಗದಲ್ಲಿ ಟೋಕನ್ ಕೈಯಲ್ಲಿಲ್ಲದೆ ಚಾಲಕ ಗಾಡಿಯನ್ನು ಮುಂದಿನ ನಿಲ್ದಾಣಕ್ಕೆ ಒಯ್ಯುವಂತಿಲ್ಲವಲ್ಲ, ಹಾಗೆ. ಒಂದೇ ವ್ಯತ್ಯಾಸವೆಂದರೆ ಈ ಟೋಕನ್ನಿಗೆ ಆಯಸ್ಸು ಇದೆ. ಮೂಲ ಸೆಟ್ಟಿಂಗಿನಲ್ಲಿ ಅದು 30 ಸೆಕೆಂಡು. ಪ್ಯಾಟ್ರೋನಿ 10 ಸೆಕೆಂಡಿಗೊಮ್ಮೆ ಎದ್ದು ಅದನ್ನು ನವೀಕರಿಸುತ್ತದೆ; ಎಟ್‌ಸಿಡಿ ಉತ್ತರಿಸದಿದ್ದರೆ ಮರುಪ್ರಯತ್ನಕ್ಕೆ 10 ಸೆಕೆಂಡು ಕೊಡುತ್ತದೆ. ಸುತ್ತಿನ ಅವಧಿಗೆ ಮರುಪ್ರಯತ್ನದ ಅವಧಿಯ ಎರಡರಷ್ಟನ್ನು ಕೂಡಿಸಿದರೆ ಬರುವ ಮೊತ್ತ ಟೋಕನ್ನಿನ ಆಯಸ್ಸನ್ನು ಮೀರಬಾರದು ಎಂಬುದು ನಿಯಮ. ಈ ಅಂಕಿಗಳನ್ನು ತಗ್ಗಿಸಿ ಫೇಲ್‌ಓವರನ್ನು ವೇಗಗೊಳಿಸುವ ಆಸೆ ಎಲ್ಲರಿಗೂ ಬರುತ್ತದೆ. ತಗ್ಗಿಸಿದಷ್ಟೂ, ವರ್ಚುವಲ್ ಯಂತ್ರದ ಸ್ನ್ಯಾಪ್‌ಶಾಟ್ ತೆಗೆಯುವಾಗ ಅದು ಕೆಲವು ಸೆಕೆಂಡು ಹೆಪ್ಪುಗಟ್ಟಿದರೂ ಪ್ರೈಮರಿ ಬದಲಾಗುವ ಸಂಭವ ಹೆಚ್ಚುತ್ತದೆ. ನಾವು ಮೂಲ ಅಂಕಿಗಳನ್ನು ಮುಟ್ಟಲಿಲ್ಲ.

ಹಳೆಯ ಪ್ರೈಮರಿಯನ್ನು ನಿಲ್ಲಿಸುವವರು ಯಾರು ಎಂಬ ಪ್ರಶ್ನೆಗೆ ಪ್ಯಾಟ್ರೋನಿಯ ಉತ್ತರ: ಅದೇ ತನ್ನನ್ನು ನಿಲ್ಲಿಸಿಕೊಳ್ಳುತ್ತದೆ. ಟೋಕನ್ನನ್ನು ನವೀಕರಿಸಲಾಗದ ಪ್ರೈಮರಿ, ಅದರ ಆಯಸ್ಸು ಮುಗಿಯುವ ಮೊದಲೇ ಬರಹ ನಿಲ್ಲಿಸಿ ಕೆಳಗಿಳಿಯುತ್ತದೆ. ಇಲ್ಲಿ ಒಂದು ಬಿರುಕಿದೆ, ಅದನ್ನು ಅನೇಕರು ಗಮನಿಸುವುದಿಲ್ಲ. ಪ್ಯಾಟ್ರೋನಿಯ ಪ್ರಕ್ರಿಯೆಯೇ ಸ್ತಬ್ಧವಾಗಿ, ಅಥವಾ ಮೆಮೊರಿ ಸಾಲದೆ ಕರ್ನಲ್ ಅದನ್ನು ಕೊಂದು, ಪೋಸ್ಟ್‌ಗ್ರೆಸ್ ಮಾತ್ರ ನಡೆಯುತ್ತಿದ್ದರೆ, ಕೆಳಗಿಳಿಸುವವರು ಯಾರೂ ಇರುವುದಿಲ್ಲ. ಅದಕ್ಕೆ ವಾಚ್‌ಡಾಗ್ ಬೇಕು: ಪ್ಯಾಟ್ರೋನಿ ನಿಯತವಾಗಿ ತಟ್ಟದಿದ್ದರೆ ಇಡೀ ಯಂತ್ರವನ್ನೇ ರೀಸೆಟ್ ಮಾಡುವ ವ್ಯವಸ್ಥೆ. ಸೆಟ್ಟಿಂಗಿನಲ್ಲಿ ಅದನ್ನು ಕಡ್ಡಾಯ ಎಂದು ಬರೆದರೆ, ವಾಚ್‌ಡಾಗ್ ಸಿಗದ ಯಂತ್ರ ಪ್ರೈಮರಿ ಆಗಲು ಒಪ್ಪುವುದೇ ಇಲ್ಲ. ನಾವು ಹಾಗೆಯೇ ಬರೆದಿದ್ದೇವೆ. ಇದಿಲ್ಲದ ಪ್ಯಾಟ್ರೋನಿಯನ್ನು ಹಣದ ಲೆಕ್ಕಕ್ಕೆ ಬಳಸಲು ನನ್ನ ಮನಸ್ಸು ಒಪ್ಪುವುದಿಲ್ಲ.

ಎಟ್‌ಸಿಡಿಯ ಮಾತು ಬೇರೆಯಾಗಿಯೇ ಹೇಳಬೇಕು, ಏಕೆಂದರೆ ಪ್ಯಾಟ್ರೋನಿ ಹಾಕಿಕೊಂಡವರ ಕಷ್ಟಗಳಲ್ಲಿ ಅರ್ಧ ಅಲ್ಲಿಂದ ಹುಟ್ಟುತ್ತವೆ. ಬಹುಮತದ ವ್ಯವಸ್ಥೆಗೆ ಎರಡು ನೋಡು ಎಂಬುದು ಒಂದಕ್ಕಿಂತ ಕೆಟ್ಟದ್ದು. ಎರಡರಲ್ಲಿ ಯಾವುದು ಹೋದರೂ ಬಹುಮತ ಹೋಯಿತು. ಮೂರಿದ್ದರೆ ಒಂದನ್ನು, ಐದಿದ್ದರೆ ಎರಡನ್ನು ಕಳೆದುಕೊಳ್ಳಬಹುದು. ಆದ್ದರಿಂದ ‘ಎರಡು ಯಂತ್ರ ಇವೆ, ಅದರಲ್ಲೇ ಮಾಡಿ’ ಎಂಬ ಆದೇಶಕ್ಕೆ ನಾನು ಕೊಡುವ ಉತ್ತರ, ಹಾಗಾದರೆ ಸ್ವಯಂಚಾಲಿತ ಫೇಲ್‌ಓವರ್ ಬೇಡ, ರೆಪ್‌ಮ್ಯಾನೇಜರ್ ಹಾಕಿ ಮನುಷ್ಯರೇ ಬದಲಿಸಲಿ ಎಂದು. ಮೂರನೆಯ ಮತ ಎಲ್ಲಿ ಕೂರಬೇಕು ಎಂಬುದು ತಂತ್ರಾಂಶದ ಹೆಸರಿಗಿಂತ ದೊಡ್ಡ ಪ್ರಶ್ನೆ. ಮೂರನೆಯ ನೋಡನ್ನು ಮೊದಲ ಯಂತ್ರದ ಪಕ್ಕದಲ್ಲಿ, ಅದೇ ಸ್ವಿಚ್ಚಿಗೆ, ಅದೇ ಯುಪಿಎಸ್‌ಗೆ ಕಟ್ಟಿದರೆ ಕಾಗದದ ಮೇಲೆ ಮೂರು ಮತ, ವಾಸ್ತವದಲ್ಲಿ ಎರಡೇ. ಅದರಲ್ಲಿ ಡೇಟಾ ಇರಬೇಕಾಗಿಲ್ಲ, ಸಣ್ಣ ಯಂತ್ರ ಸಾಕು; ಆದರೆ ವಿದ್ಯುತ್ತೂ ಜಾಲದ ದಾರಿಯೂ ಬೇರೆಯಾಗಿರಬೇಕು. ನಮ್ಮಲ್ಲಿ ಅದು ಇನ್ನೊಂದು ಕಟ್ಟಡದಲ್ಲಿದೆ.

ಡಿಸ್ಕಿನ ವಿಷಯವೂ ಇದೆ. ಎಟ್‌ಸಿಡಿ ಪ್ರತಿ ಬದಲಾವಣೆಯನ್ನು ಡಿಸ್ಕಿಗೆ ಗಟ್ಟಿಮಾಡಿಯೇ ಮುಂದೆ ಹೋಗುತ್ತದೆ. ಅದರ ನಾಯಕ ನೋಡು ಮೂಲ ಸೆಟ್ಟಿಂಗಿನಂತೆ 100 ಮಿಲಿಸೆಕೆಂಡಿಗೊಮ್ಮೆ ಸದ್ದು ಮಾಡಬೇಕು, ಸುಮಾರು ಒಂದು ಸೆಕೆಂಡು ಸದ್ದಿಲ್ಲದಿದ್ದರೆ ಉಳಿದವು ಹೊಸ ಚುನಾವಣೆಗೆ ಹೊರಡುತ್ತವೆ. ಪೋಸ್ಟ್‌ಗ್ರೆಸ್‌ನ ಡೇಟಾ ಇರುವ ಡಿಸ್ಕಿನಲ್ಲಿಯೇ ಎಟ್‌ಸಿಡಿಯನ್ನೂ ಇಟ್ಟರೆ, ರಾತ್ರಿಯ ದೊಡ್ಡ ವರದಿಯೋ ಬ್ಯಾಕಪ್ಪೋ ಡಿಸ್ಕನ್ನು ಹಿಡಿದಾಗ ಎಟ್‌ಸಿಡಿ ತಡವರಿಸುತ್ತದೆ, ಅದು ತಡವರಿಸಿದರೆ ಪ್ಯಾಟ್ರೋನಿಯ ಟೋಕನ್ ನವೀಕರಣವಾಗುವುದಿಲ್ಲ, ಏನೂ ಕೆಟ್ಟಿರದ ಪ್ರೈಮರಿ ಕೆಳಗಿಳಿಯುತ್ತದೆ. ಬೇರೆ ಡಿಸ್ಕ್ ಕೊಡುವುದು ಇದಕ್ಕೆ ಸರಳ ಮದ್ದು. 2023ರಲ್ಲಿ ಬಂದ ಪ್ಯಾಟ್ರೋನಿ 3.0ರಿಂದ ಫೇಲ್‌ಸೇಫ್ ಮೋಡ್ ಎಂಬುದೂ ಇದೆ: ಎಟ್‌ಸಿಡಿ ಪೂರ್ತಿ ಸಿಗದಿದ್ದಾಗ ಪ್ರೈಮರಿ ತನ್ನ ಕ್ಲಸ್ಟರಿನ ಎಲ್ಲ ಸದಸ್ಯರನ್ನೂ ನೇರವಾಗಿ ಕೇಳಿ, ಎಲ್ಲರೂ ಒಪ್ಪಿದರೆ ಮಾತ್ರ ಪ್ರೈಮರಿಯಾಗಿ ಮುಂದುವರಿಯುತ್ತದೆ. ಒಬ್ಬರು ಉತ್ತರಿಸದಿದ್ದರೂ ಇಳಿಯುತ್ತದೆ. ಇದು ಸಂಶಯದಲ್ಲಿ ಸುರಕ್ಷಿತ ಬದಿಗೆ ವಾಲುವ ವಿನ್ಯಾಸವಾದ್ದರಿಂದ ನಾವು ಅದನ್ನು ಆನ್ ಮಾಡಿದ್ದೇವೆ.

ಅಧಿಕಾರ ಒಂದೇ ಕಡೆ ಇರುವಂತೆ ನೋಡಿಕೊಂಡ ಮೇಲೆ ಉಳಿಯುವುದು, ಹೊಸ ಪ್ರೈಮರಿಯಲ್ಲಿ ಎಲ್ಲ ಬಿಲ್ಲುಗಳೂ ಇರುತ್ತವೆಯೇ ಎಂಬುದು. ಅಸಿಂಕ್ರೊನಸ್ ರೆಪ್ಲಿಕೇಷನ್‌ನಲ್ಲಿ, ಅಂದರೆ ಸ್ಟ್ಯಾಂಡ್‌ಬೈಯ ಉತ್ತರಕ್ಕೆ ಕಾಯದೆ ನಕಲು ಕಳಿಸುವಲ್ಲಿ, ಇರುತ್ತವೆ ಎಂಬ ಖಾತ್ರಿ ಇಲ್ಲ. ಪ್ಯಾಟ್ರೋನಿಯ ಮೂಲ ಸೆಟ್ಟಿಂಗಿನಲ್ಲಿ 10,48,576 ಬೈಟ್, ಅಂದರೆ ಒಂದು ಮೆಗಾಬೈಟ್ ಹಿಂದೆ ಬಿದ್ದ ಸ್ಟ್ಯಾಂಡ್‌ಬೈ ಕೂಡ ಪ್ರೈಮರಿ ಆಗಬಹುದು. ಒಂದು ಮೆಗಾಬೈಟ್ ಎಂದರೆ ಕಿವಿಗೆ ಏನೂ ಅಲ್ಲ. ಬಿಲ್ಲುಗಳ ಲೆಕ್ಕದಲ್ಲಿ ನೂರಾರು ಸಾಲುಗಳು. ಆದ್ದರಿಂದ ನಾವು ಸಿಂಕ್ರೊನಸ್ ಮೋಡ್ ಇಟ್ಟೆವು. ಆಗ ಸ್ಟ್ಯಾಂಡ್‌ಬೈ ‘ನನ್ನಲ್ಲೂ ಬರೆದಾಯಿತು’ ಎಂದ ಮೇಲೆ ಮಾತ್ರ ಬಿಲ್ಲಿಗೆ ‘ಆಯಿತು’ ಎಂಬ ಉತ್ತರ ಹೋಗುತ್ತದೆ, ಹಾಗೆ ಬರೆದುಕೊಂಡ ಸ್ಟ್ಯಾಂಡ್‌ಬೈ ಮಾತ್ರ ಪ್ರೈಮರಿ ಆಗಲು ಅರ್ಹ. ಎಲ್ಲ ಸ್ಟ್ಯಾಂಡ್‌ಬೈಗಳೂ ಸತ್ತರೆ ಪ್ರೈಮರಿ ಒಂಟಿಯಾಗಿ ಮುಂದುವರಿಯಬೇಕೋ, ಬರಹ ನಿಲ್ಲಿಸಬೇಕೋ ಎಂಬುದಕ್ಕೆ ಸ್ಟ್ರಿಕ್ಟ್ ಎಂಬ ಇನ್ನೊಂದು ಆಯ್ಕೆ ಇದೆ. ಅದನ್ನು ನಾವು ಆನ್ ಮಾಡಲಿಲ್ಲ. ಸ್ಟ್ಯಾಂಡ್‌ಬೈ ಕೆಟ್ಟದ್ದಕ್ಕೆ ಅಂಗಡಿ ಮುಚ್ಚುವುದು ನಮ್ಮ ವ್ಯಾಪಾರಕ್ಕೆ ಹೊಂದುವುದಿಲ್ಲ. ಬ್ಯಾಂಕಿನವರು ಬೇರೆ ತೀರ್ಮಾನಕ್ಕೆ ಬಂದರೆ ಅದೂ ಸರಿಯೇ.

ಬಿಲ್ ಸಂಖ್ಯೆಯ ಬಗ್ಗೆ ಒಂದು ಸಣ್ಣ ಎಚ್ಚರಿಕೆ ಇಲ್ಲಿಯೇ ಹೇಳಿಬಿಡುತ್ತೇನೆ. ಪೋಸ್ಟ್‌ಗ್ರೆಸ್‌ನ ಸೀಕ್ವೆನ್ಸ್, ಅಂದರೆ ಮುಂದಿನ ಸಂಖ್ಯೆ ಕೊಡುವ ಎಣಿಕೆ, ತನ್ನ ಮುಂದಿನ 32 ಅಂಕಿಗಳನ್ನು ಮುಂಗಡವಾಗಿಯೇ ಬದಲಾವಣೆಗಳ ಲಾಗ್‌ನಲ್ಲಿ ಬರೆದಿಡುತ್ತದೆ. ಹೀಗಾಗಿ ಒಂದೂ ಬಿಲ್ಲು ಕಳೆಯದ, ನೂರಕ್ಕೆ ನೂರು ಸರಿಯಾದ ಫೇಲ್‌ಓವರ್ ಆದ ಮೇಲೂ ಹೊಸ ಪ್ರೈಮರಿಯಲ್ಲಿ ಸಂಖ್ಯೆ ಮುಂದಕ್ಕೆ ನೆಗೆದಿರುತ್ತದೆ. ಲೆಕ್ಕಪತ್ರ ವಿಭಾಗದವರು ನಡುವಿನ ಬಿಲ್ಲುಗಳು ಎಲ್ಲಿ ಎಂದು ಕೇಳುತ್ತಾರೆ, ಕೇಳುವುದು ನ್ಯಾಯವೂ ಹೌದು. ಅನುಕ್ರಮ ತಪ್ಪದ ಸಂಖ್ಯೆ ಬೇಕಾದ ಕಡೆ ಸೀಕ್ವೆನ್ಸ್ ಬಿಟ್ಟು, ಸಾಧಾರಣ ಕೋಷ್ಟಕದ ಒಂದು ಸಾಲಿನಲ್ಲಿ ಎಣಿಕೆ ಇಟ್ಟು, ಬಿಲ್ಲಿನ ಟ್ರಾನ್ಸಾಕ್ಷನ್ ಒಳಗೇ ಅದನ್ನು ಏರಿಸಬೇಕು. ಸ್ವಲ್ಪ ನಿಧಾನ, ಆದರೆ ಫೇಲ್‌ಓವರಿಗೆ ಅಂಜುವುದಿಲ್ಲ.

ಸ್ಟ್ಯಾಂಡ್‌ಬೈ ಪ್ರೈಮರಿಯಾದ ಮೇಲೆ ಹಳೆಯದನ್ನು ಮತ್ತೆ ಬಳಗಕ್ಕೆ ಸೇರಿಸಲು ಪಿಜಿ ರಿವೈಂಡ್ ಇದೆ. ಎರಡು ಕವಲಾದ ಜಾಗಕ್ಕೆ ಹಿಂದಿರುಗಿಸಿ ಹೊಸ ದಾರಿಗೆ ತರುತ್ತದೆ. ಅದು ಕೆಲಸ ಮಾಡಬೇಕಾದರೆ ಪೋಸ್ಟ್‌ಗ್ರೆಸ್‌ನ ಚೆಕ್‌ಸಮ್ ಅಥವಾ ವಾಲ್ ಲಾಗ್ ಹಿಂಟ್ಸ್ ಎಂಬ ಸೆಟ್ಟಿಂಗು ಮೊದಲೇ ಆನ್ ಆಗಿರಬೇಕು. ಕವಲಿನಲ್ಲಿ ಉಳಿದ ಬರಹವನ್ನು ಅದು ಅಳಿಸಿಹಾಕುತ್ತದೆ ಎಂಬುದನ್ನೂ ನೆನಪಿಡಬೇಕು, ಅದರ ಕೆಲಸವೇ ಅದು.

ಇನ್ನೊಂದು ಬಲೆ ತಂತ್ರಾಂಶದ ಕೈಪಿಡಿಗಳಲ್ಲಿ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಸ್ಟ್ಯಾಂಡ್‌ಬೈಯ ಲಿನಕ್ಸ್ ಆವೃತ್ತಿ ಪ್ರೈಮರಿಯದ್ದಕ್ಕಿಂತ ಬೇರೆಯಾಗಿದ್ದರೆ ರೆಪ್ಲಿಕೇಷನ್ ಏನೂ ದೂರದೆ ನಡೆಯುತ್ತದೆ. ಆದರೆ ಲಿನಕ್ಸಿನ ಮೂಲ ಲೈಬ್ರರಿಯಾದ ಜಿಲಿಬ್‌ಸಿಯ 2.28ನೇ ಆವೃತ್ತಿಯಲ್ಲಿ ಅಕ್ಷರಗಳ ವಿಂಗಡಣೆಯ ಕ್ರಮ ವ್ಯಾಪಕವಾಗಿ ಬದಲಾಯಿತು; ರೆಡ್ ಹ್ಯಾಟ್ 7ರಿಂದ 8ಕ್ಕೆ, ಡೆಬಿಯನ್ 9ರಿಂದ 10ಕ್ಕೆ ಹೋದವರಿಗೆ ಇದು ತಟ್ಟಿತು. ಹಳೆಯ ಕ್ರಮದಲ್ಲಿ ಕಟ್ಟಿದ ಇಂಡೆಕ್ಸನ್ನು ಹೊಸ ಕ್ರಮದವನು ಓದಿದರೆ ಇರುವ ಗ್ರಾಹಕನ ಹೆಸರು ‘ಇಲ್ಲ’ ಎಂದು ಬರುತ್ತದೆ, ಒಂದೇ ಇರಬೇಕಾದ ಹೆಸರು ಎರಡು ಬಾರಿ ಸೇರುತ್ತದೆ. ಫೇಲ್‌ಓವರ್ ಆಗುವವರೆಗೆ ಇದು ಯಾರಿಗೂ ತಿಳಿಯುವುದಿಲ್ಲ. ಎಲ್ಲ ನೋಡುಗಳಲ್ಲೂ ಒಂದೇ ಲಿನಕ್ಸ್ ಆವೃತ್ತಿ ಎಂಬ ನಿಯಮವನ್ನು ತಂತ್ರಾಂಶದ ಆಯ್ಕೆಯಷ್ಟೇ ಗಂಭೀರವಾಗಿ ತೆಗೆದುಕೊಳ್ಳಬೇಕು. ಹಾಗೆಯೇ ವರದಿಗಳಿಗಾಗಿ ಲಾಜಿಕಲ್ ರೆಪ್ಲಿಕೇಷನ್ ಸ್ಲಾಟ್ (ಬದಲಾವಣೆಗಳನ್ನು ಎಲ್ಲಿಯವರೆಗೆ ಕಳಿಸಿದೆ ಎಂಬ ಗುರುತು) ಬಳಸುವವರು, 2024ರ ಪೋಸ್ಟ್‌ಗ್ರೆಸ್ 17ರವರೆಗೆ ಆ ಸ್ಲಾಟುಗಳು ತಾವಾಗಿ ಸ್ಟ್ಯಾಂಡ್‌ಬೈಗೆ ಹೋಗುತ್ತಿರಲಿಲ್ಲ ಎಂಬುದನ್ನು ಗಮನಿಸಬೇಕು. ಪ್ಯಾಟ್ರೋನಿಯಲ್ಲಿ ಅದಕ್ಕೆ ಬೇರೆ ಏರ್ಪಾಡಿದೆ.

ಅಪ್ಲಿಕೇಶನ್‌ಗಳಿಗೆ ಹೊಸ ಪ್ರೈಮರಿಯ ದಾರಿ ತೋರಿಸುವುದಕ್ಕೆ ನಾವು ಎಚ್‌ಎ ಪ್ರಾಕ್ಸಿ ಇಟ್ಟಿದ್ದೇವೆ. ಅದು ಪ್ರತಿ ಯಂತ್ರದ ಪ್ಯಾಟ್ರೋನಿಯನ್ನು 8008ನೇ ಪೋರ್ಟಿನಲ್ಲಿ ‘ನೀನು ಪ್ರೈಮರಿಯೇ?’ ಎಂದು ಕೇಳಿ, ಹೌದೆಂದವನಿಗೆ ಮಾತ್ರ ಸಂಪರ್ಕ ಕಳಿಸುತ್ತದೆ. ಒಂದೇ ಜಾಲದಲ್ಲಿರುವ ಯಂತ್ರಗಳಲ್ಲಿ ತೇಲುವ ಐಪಿ ವಿಳಾಸವೂ ನಡೆಯುತ್ತದೆ, ಆದರೆ ಕ್ಲೌಡ್‌ಗಳಲ್ಲಿ ಆ ಉಪಾಯ ಸಾಮಾನ್ಯವಾಗಿ ನಡೆಯುವುದಿಲ್ಲ. ಪೋಸ್ಟ್‌ಗ್ರೆಸ್ 10ರಿಂದ ಸಂಪರ್ಕದ ಸಾಲಿನಲ್ಲಿಯೇ ಹಲವು ಯಂತ್ರಗಳ ಹೆಸರು ಕೊಟ್ಟು, ಬರೆಯಲು ಬಿಡುವವನನ್ನು ಹುಡುಕಿಕೋ ಎನ್ನಬಹುದು. ಇವುಗಳಲ್ಲಿ ಯಾವುದಾದರೂ ಸರಿ. ಅಪ್ಲಿಕೇಶನ್ ಕಡಿದ ಸಂಪರ್ಕವನ್ನು ಎಸೆದು ಹೊಸದನ್ನು ತೆಗೆಯಬಲ್ಲದೇ ಎಂಬುದನ್ನು ಮಾತ್ರ ಅದನ್ನು ಬರೆದವರ ಜೊತೆ ಕೂತು ನೋಡಬೇಕು.

ಇಷ್ಟೆಲ್ಲ ಏಕೆ, ಕ್ಲೌಡಿನವರೇ ನಡೆಸುವ ಡೇಟಾಬೇಸ್ ತೆಗೆದುಕೊಳ್ಳಬಾರದೇ ಎಂದು ಕೇಳಿದರೆ, ತೆಗೆದುಕೊಳ್ಳಬಹುದು. ಅಮೆಜಾನ್‌ನ ಡೇಟಾಬೇಸ್ ಸೇವೆ ಆರ್‌ಡಿಎಸ್‌ನಲ್ಲಿ ಮಲ್ಟಿ ಎಝಡ್ (ಬೇರೆ ಡೇಟಾ ಕೇಂದ್ರದಲ್ಲಿ ಸ್ಟ್ಯಾಂಡ್‌ಬೈ ಇಡುವ ಆಯ್ಕೆ) ಆರಿಸಿದರೆ ಫೇಲ್‌ಓವರಿಗೆ ಸಾಮಾನ್ಯವಾಗಿ 60ರಿಂದ 120 ಸೆಕೆಂಡು ಎಂದು ಅವರೇ ಹೇಳುತ್ತಾರೆ. ಫೆನ್ಸಿಂಗ್, ಮೂರನೆಯ ಮತ, ವಾಚ್‌ಡಾಗ್ ಎಲ್ಲವೂ ಅವರ ತಲೆಗೆ. ಇಬ್ಬರೇ ಇರುವ ತಂಡಕ್ಕೆ ನಾನು ಅದನ್ನೇ ಹೇಳುತ್ತೇನೆ. ನಮ್ಮ ಸರ್ವರುಗಳು ಆಗಲೇ ಕೊಂಡವು, ಗೋದಾಮುಗಳಿಂದ ಅಲ್ಲಿಗೇ ಜಾಲ ಎಳೆದದ್ದು. ಅದು ಬೇರೆ ಕಥೆ.

ಯಾವ ಫೇಲ್‌ಓವರ್ ತಂತ್ರಾಂಶವೂ ಬ್ಯಾಕಪ್ ಅಲ್ಲ. ಗಿಟ್‌ಲ್ಯಾಬ್‌ನಲ್ಲಿ 2017ರ ಜನವರಿ 31ರಂದು ರೆಪ್ಲಿಕೇಷನ್ ಸರಿಪಡಿಸುವ ಗಡಿಬಿಡಿಯಲ್ಲಿ ಪ್ರೈಮರಿಯ ಡೇಟಾ ಡೈರೆಕ್ಟರಿಯೇ ಅಳಿಸಿಹೋಯಿತು, ನಿತ್ಯದ ಬ್ಯಾಕಪ್ ನಡೆಯುತ್ತಿರಲಿಲ್ಲವೆಂದು ಆಗ ತಿಳಿಯಿತು, ಸುಮಾರು ಆರು ಗಂಟೆಯ ಡೇಟಾ ಹೋಯಿತು. ತಪ್ಪಾಗಿ ಕೊಟ್ಟ ಡಿಲೀಟ್ ಆದೇಶವನ್ನು ರೆಪ್ಲಿಕೇಷನ್ ಸ್ಟ್ಯಾಂಡ್‌ಬೈಗೂ ನಿಷ್ಠೆಯಿಂದ ತಲುಪಿಸುತ್ತದೆ.

ಬೇರೆ ಊರಿನ ಸ್ಟ್ಯಾಂಡ್‌ಬೈ ವಿಷಯದಲ್ಲಿ ನಾವು ಗಿಟ್‌ಹಬ್‌ನ 2018ರ ವರದಿಯನ್ನು ಅಕ್ಷರಶಃ ಪಾಲಿಸಿದ್ದೇವೆ. ಬೆಂಗಳೂರಿನಿಂದ ಮುಂಬೈಗೆ ನೇರ ಗೆರೆಯಲ್ಲಿ ಸುಮಾರು 850 ಕಿಲೋಮೀಟರ್. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಹೋಗುವುದರಿಂದ, ಹೋಗಿ ಬರಲು ಎಷ್ಟೇ ಒಳ್ಳೆಯ ಜಾಲವಾದರೂ 8 ಮಿಲಿಸೆಕೆಂಡಿಗೆ ಕಡಿಮೆ ಆಗದು, ವಾಸ್ತವದಲ್ಲಿ ಅದಕ್ಕಿಂತ ಹೆಚ್ಚೇ. ಪ್ರತಿ ಬಿಲ್ಲಿಗೂ ಅಷ್ಟು ಕಾಯಿಸುವುದು ಬೇಡವೆಂದು ಮುಂಬೈಯ ಸ್ಟ್ಯಾಂಡ್‌ಬೈಯನ್ನು ಅಸಿಂಕ್ರೊನಸ್ ಆಗಿ ಇಟ್ಟಿದ್ದೇವೆ, ಅದರ ಸೆಟ್ಟಿಂಗಿನಲ್ಲಿ ನೋ ಫೇಲ್‌ಓವರ್ ಎಂಬ ಟ್ಯಾಗ್ ಹಾಕಿದ್ದೇವೆ. ಬೆಂಗಳೂರಿನ ಎರಡೂ ಯಂತ್ರಗಳು ಹೋದರೂ ಅದು ತಾನಾಗಿ ಪ್ರೈಮರಿ ಆಗುವುದಿಲ್ಲ. ಆ ಆದೇಶವನ್ನು ಕೊಡಬಲ್ಲ ಇಬ್ಬರು ಅಧಿಕಾರಿಗಳ ಹುದ್ದೆ, ಅವರು ಮೊದಲು ಪರಿಶೀಲಿಸಬೇಕಾದ ಸಂಗತಿಗಳು, ಕೊನೆಯ ಕೆಲವು ಬಿಲ್ಲುಗಳು ಕಳೆದಿದ್ದರೆ ಗೋದಾಮುಗಳಲ್ಲಿ ಮುದ್ರಿಸಿದ ಪ್ರತಿಗಳಿಂದ ಅವನ್ನು ಮರಳಿ ದಾಖಲಿಸುವ ಕ್ರಮ, ಇಷ್ಟನ್ನೂ ಒಂದು ಹಾಳೆಯಲ್ಲಿ ಮುದ್ರಿಸಿ ಎರಡೂ ಕಟ್ಟಡಗಳಲ್ಲಿ ಇಡಲಾಗಿದೆ. ಡೇಟಾಬೇಸೇ ನಿಂತಿರುವಾಗ ಆ ಹಾಳೆಯನ್ನು ಒಳಜಾಲದ ವಿಕಿಯಲ್ಲಿ ಹುಡುಕುವಂತಾಗಬಾರದು, ಏಕೆಂದರೆ ವಿಕಿಯೂ ಅದೇ ಡೇಟಾಬೇಸಿನ ಮೇಲೆ ನಡೆಯುತ್ತದೆ.